ಕಿರುಚಿದರೂ ಓಡದ ಕಾರು

“ಕಿರ್ರ್‌ರ್‌ರ್!”

ಎಂಜಿನ್ ಕಿರುಚಿತು. ನೀಲಿ ಹೊಗೆ ಬಂತು. ಕಾರು ಮಾತ್ರ ನಿಂತ ಜಾಗದಿಂದ ಕದಲಲಿಲ್ಲ.

“ಕೊಡೋ ಇಲ್ಲಿ!” ಪಕ್ಕದಲ್ಲೇ ನಿಂತಿದ್ದ, ಎಲ್ಲರೂ ಜೀರಿಗೆ ಅಂತ ಕರೆಯುವ ಹುಡುಗಿ, ಕನ್ನಡಕ ಅನ್ನುವ ಅಡ್ಡಹೆಸರಿನ ಗೆಳೆಯನ ಕೈಯಿಂದ ರಿಮೋಟ್ ಕಿತ್ತುಕೊಂಡಳು. ತಾನೂ ಒತ್ತಿ ನೋಡಿದಳು. ಎಂಜಿನ್ ಇನ್ನೂ ಜೋರಾಗಿ ಕಿರುಚಿತೇ ಹೊರತು ಚಕ್ರ ತಿರುಗಲಿಲ್ಲ.

“ಕ್ಲಚ್ ಸುಟ್ಟೆಯಲ್ಲೋ! ನಿನಗೆ ಕೊಟ್ಟಿದ್ದೇ ತಪ್ಪು. ಮಂಗನ ಕೈಗೆ ಮಾಣಿಕ್ಯ ಕೊಟ್ಟ ಹಾಗಾಯ್ತು.”

ಮೈದಾನದಲ್ಲಿದ್ದ ಮಕ್ಕಳೆಲ್ಲ ನಕ್ಕರು. ಕನ್ನಡಕ ನಗಲಿಲ್ಲ. ಮೂಗಿನ ಮೇಲೆ ಜಾರಿದ ಕನ್ನಡಕವನ್ನು ಮೇಲಕ್ಕೆ ತಳ್ಳಿ, ತನ್ನ ಹೆಬ್ಬೆರಳನ್ನೇ ಒಮ್ಮೆ ನೋಡಿಕೊಂಡ. ಆಮೇಲೆ ಮನೆಗೆ ಹೋದ.

ಅದು ಬ್ಯಾಟರಿಯ ಆಟದ ಕಾರಲ್ಲ. ಒಳಗೆ ನಿಜವಾದ ಪುಟ್ಟ ಎಂಜಿನ್ ಇತ್ತು. ನೈಟ್ರೋ ಅನ್ನುವ ಇಂಧನ ತುಂಬಿ, ಹಗ್ಗ ಎಳೆದು ಸ್ಟಾರ್ಟ್ ಮಾಡಬೇಕು. ಜೀರಿಗೆಯ ಅಪ್ಪ ಎಷ್ಟೋ ವರ್ಷಗಳಿಂದ ಜೋಪಾನವಾಗಿ ಇಟ್ಟುಕೊಂಡಿದ್ದ ಕಾರು. ಲಾರಿ ಓಡಿಸುವ ಅಪ್ಪ ಈಗ ಊರಲ್ಲಿರಲಿಲ್ಲ. “ಅತ್ತೆ ಪಕ್ಕದಲ್ಲಿದ್ದರೆ ಮಾತ್ರ ಓಡಿಸು” ಅಂತ ಹೇಳಿ ಹೋಗಿದ್ದರು. ಭಾನುವಾರ ಬರುವವರಿದ್ದರು.

ಅತ್ತೆಯದು ಹೊಲಿಗೆ ಯಂತ್ರ ರಿಪೇರಿ ಅಂಗಡಿ, ಮೈದಾನದ ಅಂಚಿನಲ್ಲೇ. ಅವತ್ತೂ ಎಂಜಿನ್ ಸ್ಟಾರ್ಟ್ ಮಾಡಿಕೊಟ್ಟು ಬಾಗಿಲಲ್ಲೇ ಕೂತಿದ್ದವರು ಅತ್ತೆ. ನಡೆದದ್ದೆಲ್ಲ ಅವರ ಕಿವಿಗೆ ಬಿದ್ದಿತ್ತು.

“ಅತ್ತೆ, ಅವನು ಕ್ಲಚ್ ಸುಟ್ಟುಹಾಕಿದ.”

“ಬಿಚ್ಚಿ ನೋಡಿದ್ಯಾ?”

“ಇಲ್ಲ.”

“ಬಿಚ್ಚೋಕೆ ಮೊದ್ಲೇ ಗೊತ್ತಾಗೋಯ್ತಾ? ನನಗೆ ಇಪ್ಪತ್ತು ವರ್ಷ ಆದ್ರೂ ಆ ವಿದ್ಯೆ ಬಂದಿಲ್ಲ ನೋಡು.”

ಜೀರಿಗೆ ಮುಖ ಊದಿಸಿಕೊಂಡಳು. ಅತ್ತೆಗೆ ಅವತ್ತೂ ಮರುದಿನವೂ ಕೈತುಂಬ ಕೆಲಸ. ಮೂರನೆಯ ದಿನ ಶಾಲೆ ಬಿಟ್ಟ ಮೇಲೆ ಇಬ್ಬರೂ ಮೇಜಿನ ಮುಂದೆ ಕೂತರು. ಆ ಮೂರು ದಿನವೂ ಕನ್ನಡಕ ಆಟಕ್ಕೆ ಬಂದಿರಲೇ ಇಲ್ಲ. ಬರದಿದ್ದರೆ ಬಿಡಲಿ, ಅಂದುಕೊಂಡಿದ್ದಳು ಜೀರಿಗೆ.

ಟ್ಯಾಂಕ್ ಖಾಲಿ ಮಾಡಿದರು. ನಾಲ್ಕು ಸ್ಕ್ರೂ ತೆಗೆದು ಎಂಜಿನ್ ಹೊರಗೆ ತಂದು, ಬಟ್ಟೆ ಸುತ್ತಿ ಮೇಜಿಗೆ ಕೂಡಿಸಿದ್ದ ವೈಸ್ ಅನ್ನುವ ಇಕ್ಕಳದಲ್ಲಿ ಬಿಗಿದರು. ತುದಿಯಲ್ಲಿ ಪುಟ್ಟ ಬಟ್ಟಲಿನಂಥದ್ದೊಂದು ಇತ್ತು.

“ಇದು ಕ್ಲಚ್ ಬೆಲ್. ತಿರುಗಿಸು ನೋಡೋಣ.”

ಜೀರಿಗೆ ಬೆರಳಲ್ಲಿ ತಿರುಗಿಸಿದಳು. ನುಣ್ಣಗೆ ತಿರುಗಿತು.

“ಬೇರಿಂಗ್ ಸರಿ ಇದೆ” ಅಂದರು ಅತ್ತೆ. ಬೆಲ್ ತೆಗೆದರು. ಒಳಗೆ ಮೂರು ಪುಟ್ಟ ತುಂಡುಗಳಿದ್ದವು. “ಇವು ಕ್ಲಚ್ ಶೂ. ಎಂಜಿನ್ ಜೋರಾಗಿ ತಿರುಗಿದಾಗ ಹೊರಕ್ಕೆ ಚಾಚಿ ಬೆಲ್ಲನ್ನ ಗಟ್ಟಿಯಾಗಿ ಹಿಡ್ಕೋತವೆ. ಆಗ ಚಕ್ರ ತಿರುಗತ್ತೆ. ಸುಟ್ಟಿದ್ರೆ ಕಪ್ಪಾಗಿ ಹೊಳೀಬೇಕು. ಸವೆದಿದ್ರೆ ತೆಳ್ಳಗಾಗಿರಬೇಕು. ಏನಾಗಿದೆ ಹೇಳು?”

ಜೀರಿಗೆ ಒಂದೊಂದನ್ನೂ ಬೆಳಕಿಗೆ ಹಿಡಿದಳು. ಕಪ್ಪಾಗಿರಲಿಲ್ಲ. ತೆಳ್ಳಗೂ ಆಗಿರಲಿಲ್ಲ. ಮೂರೂ ಸ್ಪ್ರಿಂಗ್‌ಗಳು ಮುರಿಯದೆ ಇದ್ದವು.

“ಏನೂ ಆಗಿಲ್ಲ” ಅಂದಳು, ಮೆಲ್ಲಗೆ.

“ಹಾಗಾದ್ರೆ ಇನ್ನೂ ಒಳಗೆ ಹೋಗೋಣ.”

ಶೂಗಳ ಹಿಂದೆ ದಪ್ಪ ಲೋಹದ ಚಕ್ರವೊಂದಿತ್ತು. ಅದೇ ಫ್ಲೈವೀಲ್. ಅದರ ನಡುವೆ, ಎಂಜಿನ್ ತಿರುಗಿಸುವ ಕಂಬಿಗೆ ಬಿಗಿದ ನಟ್. ಅತ್ತೆ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಿಂದ ನಟ್‌ನಿಂದ ಫ್ಲೈವೀಲ್‌ವರೆಗೆ ಒಂದೇ ನೇರ ಗೆರೆ ಎಳೆದರು.

“ನಟ್ಟೂ ಫ್ಲೈವೀಲೂ ಜೊತೇಲೇ ತಿರುಗಬೇಕು. ನಾನು ಫ್ಲೈವೀಲನ್ನ ಬಟ್ಟೆಯಿಂದ ಸ್ವಲ್ಪ ಹಿಡಿದಿರ್ತೀನಿ. ನೀನು ಹಗ್ಗ ಎಳಿ.”

ಜೀರಿಗೆ ಎಳೆದಳು. ಇಬ್ಬರೂ ಬಗ್ಗಿ ನೋಡಿದರು. ನಟ್ಟಿನ ಮೇಲಿನ ಗೆರೆ ಎತ್ತಲೋ ಹೋಗಿತ್ತು. ಫ್ಲೈವೀಲ್ ಮೇಲಿನದು ಇದ್ದಲ್ಲೇ ಇತ್ತು.

“ಸಿಕ್ಕಿಬಿದ್ದ ಕಳ್ಳ!” ಅತ್ತೆ ನಕ್ಕರು. “ಎಂಜಿನ್ ತಿರುಗ್ತಿದೆ, ಫ್ಲೈವೀಲ್ ಜಾರ್ತಿದೆ. ಕಿರುಚದೆ ಇನ್ನೇನು ಮಾಡತ್ತೆ?”

ನಟ್ ಬಿಚ್ಚಿ ಫ್ಲೈವೀಲ್ ತೆಗೆದರು. ಅದರ ಅಡಿಯಲ್ಲಿ ಬೆರಳುಗುರಿನಷ್ಟು ಚಿಕ್ಕ ಹಿತ್ತಾಳೆಯ ತುಂಡು ಇತ್ತು. ಫ್ಲೈವೀಲನ್ನು ಎಂಜಿನ್ನಿನ ಕಂಬಿಗೆ ಕಚ್ಚಿಸಿ ಹಿಡಿಯುವುದೇ ಅದು. ಅತ್ತೆ ಅದನ್ನು ಮುಟ್ಟಿ, ಎರಡು ಬೆರಳು ಉಜ್ಜಿ, ಮೂಸಿ ನೋಡಿದರು.

“ಇದು ಹೊಲಿಗೆ ಮೆಷಿನ್ ಎಣ್ಣೆ. ತಿರುಗೋ ಕಡೆ ಎಣ್ಣೆ ಹಾಕ್ತಾರೆ. ಹಿಡಿಯೋ ಕಡೆ ಯಾರಾದ್ರೂ ಹಾಕ್ತಾರಾ?”

ಜೀರಿಗೆಯ ಕಣ್ಣು ಮೇಜಿನ ಮೇಲಿದ್ದ ಎಣ್ಣೆ ಡಬ್ಬಿಯ ಕಡೆ ಹೋಯಿತು.

ಕಳೆದ ವಾರ ಅತ್ತೆ ಊಟಕ್ಕೆ ಹೋಗಿದ್ದಾಗ ಅವಳೇ ಇದನ್ನೆಲ್ಲ ಬಿಚ್ಚಿದ್ದಳು. ಅಪ್ಪ ಬರುವಷ್ಟರಲ್ಲಿ ಕಾರನ್ನು ಫಳಫಳ ಮಾಡಬೇಕೆಂದು ಒರೆಸಿದ್ದಳು. ಎಣ್ಣೆ ಡಬ್ಬಿ ಕಣ್ಣಿಗೆ ಬಿತ್ತು. ಫ್ಲೈವೀಲ್ ಅಡಿಗೆ ಒಂದೆರಡು ಹನಿ ಬಿಟ್ಟಿದ್ದಳು. ಅತ್ತೆಯ ಹೆಜ್ಜೆ ಸದ್ದು ಕೇಳಿ ನಟ್ಟನ್ನು ಅವಸರದಲ್ಲಿ ತಿರುಗಿಸಿ ಮುಚ್ಚಿದ್ದಳು.

“ನಾನೇ ಅತ್ತೆ” ಅಂದಳು.

ಅತ್ತೆ ಬೈಯಲಿಲ್ಲ. ಒಣಬಟ್ಟೆ ಕೊಟ್ಟರು. ಜೀರಿಗೆ ಹಿತ್ತಾಳೆಯ ತುಂಡನ್ನೂ ಕಂಬಿಯನ್ನೂ ಎಣ್ಣೆಯ ಪಸೆ ಹೋಗುವವರೆಗೆ ಒರೆಸಿದಳು. ನಟ್ಟನ್ನು ಈ ಸಲ ಅತ್ತೆ ಬಿಗಿದರು. ಎಲ್ಲ ಜೋಡಿಸಿ ಆಯಿತು.

“ಸ್ಟಾರ್ಟ್ ಮಾಡಿ ನೋಡೋಣ್ವಾ?”

“ಈಗ ಬೇಡ ಅತ್ತೆ. ಬಂದೆ.”

ಕನ್ನಡಕನ ಮನೆ ಮೂರನೆಯ ಬೀದಿಯಲ್ಲಿತ್ತು. ಹೋಗುವಾಗ ಅವಳು ಒಂದು ಉಪಾಯ ಯೋಚಿಸಿದಳು. ‘ಕಾರ್ ರಿಪೇರಿ ಆಯ್ತು, ಬಾ’ ಅಂತಷ್ಟೇ ಅಂದರೆ? ಅವನೇನೂ ಕೇಳುವುದಿಲ್ಲ. ಕೇಳುವ ಜಾಯಮಾನವೇ ಅಲ್ಲ ಅವನದು.

ಅವನ ಅಮ್ಮ ಬಾಗಿಲು ತೆರೆದರು. “ಬಾರಮ್ಮ. ನಿಮ್ಮ ಕಾರ್ ಹಾಳು ಮಾಡಿದ್ನಂತಲ್ಲ, ಅವನೇ ಬಂದು ಹೇಳಿದ. ಚೆನ್ನಾಗಿ ಬೈದಿದೀನಿ. ಒಳಗೆ ಕೂತು ಅದೇನೋ ಬರೀತಿದಾನೆ ನೋಡು.”

ಕನ್ನಡಕ ಅವಳನ್ನು ನೋಡಿ ಎದ್ದು ನಿಂತ. “ನಿಮ್ಮಪ್ಪನಿಗೆ ಲೆಟರ್” ಅಂದ. “ಭಾನುವಾರ ಕೊಡೋಣ ಅಂತ.”

ಕಾಗದದಲ್ಲಿ ನಾಲ್ಕು ಸಾಲು ಬರೆದು ಹೊಡೆದುಹಾಕಿತ್ತು. ಐದನೆಯದು ಹೀಗಿತ್ತು: ‘ಅಂಕಲ್, ನಾನು ತುಂಬಾ ಜೋರಾಗಿ ಒತ್ತಿದೆ. ಎಷ್ಟು ಜೋರಾಗಿ ಅಂತ ಸರಿಯಾಗಿ ನೆನಪಿಲ್ಲ.’

ಜೀರಿಗೆ ಅದನ್ನು ಎರಡು ಸಲ ಓದಿದಳು. ಅವತ್ತು ಅವನು ಒತ್ತಿದ್ದನ್ನು ಅವಳು ಪಕ್ಕದಲ್ಲೇ ನಿಂತು ನೋಡಿದ್ದಳು. ಇರುವೆಯನ್ನು ಮುಟ್ಟುವ ಹಾಗೆ ಒತ್ತಿದ್ದ. ಅವಳು ಒಂದು ಮಾತು ಅಂದದ್ದಕ್ಕೆ, ಇವನಿಗೆ ತನ್ನ ಬೆರಳಿನ ಮೇಲೇ ನಂಬಿಕೆ ಹೋಗಿತ್ತು.

“ನೀನು ಮೆಲ್ಲಗೇ ಒತ್ತಿದ್ದೆ ಕಣೋ. ಹಾಳು ಮಾಡಿದ್ದು ನಾನು. ಹಾಕಬಾರದ ಕಡೆ ಎಣ್ಣೆ ಹಾಕಿದ್ದೆ. ಫ್ಲೈವೀಲ್ ಜಾರ್ತಿತ್ತು.”

ಅವನು ಕೂಗಾಡುತ್ತಾನೆ ಅಂದುಕೊಂಡು ಕಾದಳು. ಅವನು ಕೂಗಾಡಲಿಲ್ಲ. ಕನ್ನಡಕ ತೆಗೆದು ಅಂಗಿಯ ಅಂಚಿಗೆ ಒರೆಸಿದ. ಬಹಳ ಹೊತ್ತು ಒರೆಸಿದ.

“ಹಾಗಾದ್ರೆ ನಾನಲ್ವಾ?”

“ನೀನಲ್ಲ.”

“ನಿಜವಾಗ್ಲೂ?”

ಒಳಗೆ ಅವನ ಅಮ್ಮ ಪಾತ್ರೆ ತೊಳೆಯುತ್ತಿದ್ದರು. ನಲ್ಲಿಯ ಸದ್ದು ಜೋರಾಗಿತ್ತು. ಜೀರಿಗೆ ಆ ಕಡೆ ತಿರುಗಿದಳು. ಮೈದಾನದಲ್ಲಿ ಎಷ್ಟು ಗಟ್ಟಿಯಾಗಿ ಕೂಗಿದ್ದಳೋ ಅಷ್ಟೇ ಗಟ್ಟಿಯಾಗಿ ಹೇಳಿದಳು:

“ಇವನಲ್ಲ ಆಂಟಿ! ನಾನು!”

ನಲ್ಲಿ ನಿಂತಿತು.