ಎಂಜಲು ಬ್ರಷ್

ನನಗೆ ಹೇಸಿಗೆ ಜಾಸ್ತಿ. ಬೇರೆಯವರು ಕುಡಿದ ಲೋಟದಲ್ಲಿ ನೀರು ಕುಡಿದವಳಲ್ಲ, ಸ್ವಂತ ತಂಗಿ ಕಚ್ಚಿದ ಮಾವಿನಕಾಯಿಯನ್ನೂ ಮುಟ್ಟಿದವಳಲ್ಲ. ನಮ್ಮಮ್ಮಿ ಇದನ್ನು ನೆಂಟರಿಷ್ಟರಿಗೆಲ್ಲ ಸಾರಿ ಬಂದಿದ್ದಾಳೆ. "ನಮ್ಮ ಸುಫಿಯಾಗೆ ಎಂಜಲು ಅಂದ್ರೆ ವಾಂತಿ ಬರುತ್ತೆ. ಇವಳನ್ನ ಕಟ್ಕೊಳ್ಳೋನು ಪಾಪ!" ಅಂಥವಳ ಪಾಲಿಗೆ ಬಂದವನು ಎಂಥವನು ಅಂತ ಕೇಳಿ.

ಕೆ.ಆರ್. ನಗರದ ಬಸ್ ಸ್ಟ್ಯಾಂಡಿನ ಹತ್ತಿರ ನಮ್ಮ ಮಾಮುವಿನ ಮೆಡಿಕಲ್ ಸ್ಟೋರ್ ಇದೆ. ಡಿ.ಫಾರ್ಮಾ ಮುಗಿಸಿ ನಾನು ಅಲ್ಲೇ ಕೂರುತ್ತೇನೆ. ಅವನು ವಾರವಾರವೂ ಬರುತ್ತಿದ್ದ. ದೊಡ್ಡ ಬಾಟಲಿ ಡೆಟಾಲ್, ಆಪರೇಷನ್ ಬ್ಲೇಡು, ಹತ್ತಿ, ಮೆತ್ತನೆಯ ಟೂತ್‌ಬ್ರಷ್ಷು. ಅವನ ಉಗುರಿನ ಸಂದಿಯಲ್ಲಿ ಏನೋ ಹಸಿರು ಮೆತ್ತಿರುತ್ತಿತ್ತು. ಕೀವಿನ ಹಸಿರು. ನೆನೆದರೆ ಇವತ್ತಿಗೂ ಮೈ ಜುಮ್ಮೆನ್ನುತ್ತದೆ.

"ಒಳಗೆಲ್ಲೋ ದೊಡ್ಡ ಉಣ್ಣಾಗೈತೆ ಕಣವ್ವ," ಅಂತ ಅಂಗಡಿ ಗುಡಿಸುವ ಸಾಕಮ್ಮ ಪಿಸುಗುಟ್ಟಿದಳು. "ಅವ್ನೇ ಕುಯ್ಕಂಡು ಅವ್ನೇ ತೊಳ್ಕತಾವ್ನೆ. ಮದ್ವೆ ವಯಸ್ಸು, ಪಾಪ."

ಬಾಟಲಿಯನ್ನು ಅವನ ಕೈಗೆ ಕೊಡದೆ ಬೆರಳ ತುದಿಯಲ್ಲಿ ತಳ್ಳುತ್ತಿದ್ದೆ. ಕಣ್ಣು ಮಾತ್ರ ಚೆನ್ನಾಗಿದ್ದವು. ಗಂಡಸಿಗೆ ಇಷ್ಟುದ್ದ ರೆಪ್ಪೆ ಯಾಕೆ ಬೇಕಿತ್ತು ಅಂತ ಸಿಟ್ಟು ಬರುವಷ್ಟು ಚೆನ್ನಾಗಿದ್ದವು.

ಒಂದು ದಿನ ತಡೆಯಲಾಗಲಿಲ್ಲ. "ನೋಡಿ, ನಾಚ್ಕೋಬೇಡಿ. ಚರ್ಮದ ಡಾಕ್ಟ್ರು ಬುಧವಾರ ಬರ್ತಾರೆ. ಮನೇಲೇ ಕುಯ್ಕೊಂಡ್ರೆ ಸೆಪ್ಟಿಕ್ ಆಗುತ್ತೆ."

"ಯಾರಿಗೆ?"

"ನಿಮ್ಗೇ ಕಣ್ರೀ!"

ಅವನು ಕಣ್ಣರಳಿಸಿ ನೋಡಿದ. ಆಮೇಲೆ ನಾನು ಆಗ ತಾನೇ ಒರೆಸಿದ್ದ ಕೌಂಟರಿನ ಗಾಜಿನ ಮೇಲೆ ಎರಡೂ ಕೈ ಊರಿ, ಕೆಮ್ಮು ಬರುವವರೆಗೂ ನಕ್ಕ. ಅಂಗಿಯ ಜೇಬಿನಿಂದ ಒಂದು ಕಾಗದದ ಪೊಟ್ಟಣ ತೆಗೆದು ಬಿಚ್ಚಿದ. ಒಳಗೆ ಹೆಬ್ಬೆರಳುದ್ದದ ಲೋಹದ ಗೊಂಬೆ. ಕಪ್ಪೆಯ ಮುಖ, ಮೈತುಂಬ ಗುಳ್ಳೆ, ಜೋತುಬಿದ್ದ ನಾಲಿಗೆ. ಮೇಲೆ ಚಂದ್ರಲೋಕಕ್ಕೆ ಹೋಗುವವರ ಥರದ ಬಟ್ಟೆ, ಕೈಯಲ್ಲಿ ಬಂದೂಕು.

"ಇವ್ರೇ ಪೇಷಂಟು."

"ಥೂ!"

"ಇಂಗ್ಲೆಂಡಿನೋರು ರೀ. ನಿಮಗಿಂತ ನನಗಿಂತ ಹಿರೀಕ್ರು. ಸ್ವಲ್ಪ ಮರ್ಯಾದೆ ಕೊಡಿ."

ಹೆಸರು ಜೀಶಾನ್, ನಂಬರ್ ಪ್ಲೇಟ್ ಬರೆಯುವ ಅಂಗಡಿ. ಕೊಪ್ಪದ ಗುಜರಿಯಲ್ಲಿ ಅವನಿಗೆ ಬಿಸ್ಕತ್ ಡಬ್ಬಿ ತುಂಬ ಇಂಥ ಗೊಂಬೆಗಳು ಸಿಕ್ಕಿದ್ದವಂತೆ. ಪಕ್ಕದ ಬೈಲಕುಪ್ಪೆಯ ಬೌದ್ಧ ಮಠಕ್ಕೆ ಬಂದಿದ್ದ ಯಾರೋ ವಿದೇಶಿ ಬಿಟ್ಟುಹೋದದ್ದು. ಮೇಜಿನ ಮೇಲೆ ಯುದ್ಧದ ಆಟ ಆಡಲು ಹಿಂದೆ ಮಾಡುತ್ತಿದ್ದ ಸೀಸದ ಗೊಂಬೆಗಳು ಇವು, ಅರ್ಧ ಅಂತರಿಕ್ಷದ ಸಿಪಾಯಿಗಳು, ಅರ್ಧ ರಾಕ್ಷಸರು. ಡೆಟಾಲಿನಲ್ಲಿ ನೆನೆಹಾಕಿದರೆ ಹಳೇ ಬಣ್ಣ ಮೆತ್ತಗಾಗುತ್ತದೆ, ಟೂತ್‌ಬ್ರಷ್ಷಿನಲ್ಲಿ ಉಜ್ಜಿದರೆ ಬಿಡುತ್ತದೆ. ಆಮೇಲೆ ಸಣ್ಣ ಗರಗಸದಲ್ಲಿ ಇವನ ತಲೆ ಕೊಯ್ದು ಅವನಿಗೆ ಕೂರಿಸಿ, ಪೈಪಿಗೆ ಮೆತ್ತುವ ಎಂ-ಸೀಲ್‌ನಲ್ಲಿ ಹೊಸ ಮುಖ, ಹೊಸ ಬಟ್ಟೆ ತಿದ್ದಿ, ಬ್ಲೇಡಿನಲ್ಲಿ ಹೆರೆದು, ಹೊಸ ಬಣ್ಣ ಹಚ್ಚುವುದು. ಉಗುರಿನ ಹಸಿರು ಆ ಬಣ್ಣದ್ದೇ. ಬೆಳೆದ ಗಂಡಸು ಮಾಡುವ ಕೆಲಸವಾ ಇದು?

"ಸೀಸ ವಿಷ ಕಣ್ರೀ," ಅಂತ ಮೂಗು ಸುಕ್ಕಿಸಿ ಒಂದು ಜೊತೆ ಗ್ಲೌಸ್ ಅವನತ್ತ ಎಸೆದೆ.

"ಮೂಗು ಒಂದ್ನಿಮಿಷ ಹಂಗೇ ಇಟ್ಕೊಳ್ಳಿ," ಅಂದ.

"ಏನಂದ್ರಿ?"

"ಏನಿಲ್ಲ ಬುಡಿ."

ಅವನ ಅಮ್ಮಿ ತೀರಿಕೊಂಡ ಮೇಲೆ ಆ ಮನೆಗೆ ಅಕ್ಕ ಫರ್ಹಾನಾ ಆಪಾಳೇ ಹಿರಿಯಳು. ಮಹಡಿಯ ಮೇಲೆ ಬಟ್ಟೆ ಹೊಲಿಯುತ್ತಾಳೆ. ಯಾಕೋ ಏನೋ, ನನ್ನ ಚೂಡಿದಾರ್‌ಗಳೆಲ್ಲ ಇದ್ದಕ್ಕಿದ್ದಂತೆ ಸಡಿಲವಾಗತೊಡಗಿದವು. ಹಿಡಿಸಿಕೊಂಡು ಬರಲು ಹೋದೆ.

ಕಿಟಕಿಯ ಹತ್ತಿರ ಅವನ ಮೇಜು. ಮೊಸರಿನ ಕಪ್ಪಿನ ಮುಚ್ಚಳದಲ್ಲಿ ಕೊಯ್ದ ತಲೆಗಳು, ಸೋಪಿನ ಡಬ್ಬಿಯಲ್ಲಿ ಮುರಿದ ಕೈಗಳು. ಕಸಾಯಿ ಅಂಗಡಿಯೇ ವಾಸಿ, ಅಲ್ಲಿ ಕಡೇಪಕ್ಷ ತೊಳೆಯುತ್ತಾರೆ. ನೋಡುತ್ತಿದ್ದಂತೆ ಅವನು ಬ್ರಷ್ಷನ್ನು ತುಟಿಯ ನಡುವೆ ಇಟ್ಟು, ಮೆಲ್ಲಗೆ ಹೊರಳಿಸಿ ಎಳೆದ.

"ಛೀ! ಬಾಯಿಗಿಟ್ರಾ?"

"ಮೊನೆ ಬರಬೇಕಲ್ಲಾ. ಕಣ್ಣು ಬರೀಬೇಕು ರೀ, ರಾಗಿ ಕಾಳಿಗಿಂತ ಚಿಕ್ದು."

"ಎಂಜಲು ಬಳಿದ ಕಣ್ಣು ಯಾರಿಗೆ ಬೇಕು? ಇನ್ನೊಂದ್ಸಲ ಬಾಯಿಗಿಟ್ರೆ ನಾನು ಈ ಮೆಟ್ಲು ಹತ್ತಲ್ಲ."

ಅವನು ತಲೆ ಎತ್ತಿದ. ಆ ಹಾಳು ರೆಪ್ಪೆಗಳೂ ನಿಧಾನವಾಗಿ ಮೇಲೆದ್ದವು. "ಅಂದ್ರೆ, ಇಡದಿದ್ರೆ ಹತ್ತೀರಿ?"

ನನ್ನ ಕಿವಿ ಬಿಸಿಯಾಯಿತು. ಮಷೀನಿನ ಸದ್ದು ನಿಂತಿತು. ಆಪಾ ಬಹಳ ಶ್ರದ್ಧೆಯಿಂದ ದಾರ ಕಚ್ಚಿದಳು.

"ಹತ್ತೋದು ಬಟ್ಟೆಗೆ."

"ಗೊತ್ತು ಬುಡಿ. ಆಣೆ, ಇನ್ನಿಡಲ್ಲ."

ಆಣೆ ಉಳಿಸಿಕೊಂಡ. ಒದ್ದೆ ಹತ್ತಿಯ ಮೇಲೆ ಬ್ರಷ್ ಹೊರಳಿಸಿ ಹೊರಳಿಸಿ ನೋಡಿದರೂ ಮೊನೆ ಬಾರದೆ, ಅವನ ರಾಕ್ಷಸರಿಗೆಲ್ಲ ಮೆಳ್ಳೆಗಣ್ಣಾಯಿತು. ಪ್ರತಿಸಲ ಹೋದಾಗಲೂ ಹೊಸ ಮೆಳ್ಳೆಗಣ್ಣಿನವನೊಬ್ಬ ಕಿಟಕಿಯಲ್ಲಿ ನಿಂತು ನನ್ನನ್ನೂ ಗೋಡೆಯನ್ನೂ ಒಟ್ಟಿಗೆ ನೋಡುತ್ತಿದ್ದ. ಒಬ್ಬ ಗಂಡಸು ನನಗಾಗಿ ತನ್ನ ಕೆಲಸ ಕೆಡಿಸಿಕೊಳ್ಳುವುದು ನನಗೆ ಅಷ್ಟೊಂದು ಸುಖ ಕೊಡಬಾರದಿತ್ತು. ಕೊಟ್ಟಿತು.

ಕೊನೆಗೆ ಫರ್ಹಾನಾ ಆಪಾ ನಮ್ಮ ಮನೆಗೆ ಬಂದು ರಿಶ್ತಾ ಕೇಳಿದಳು. ನಮ್ಮ ಅಬ್ಬಾ ಒಪ್ಪಿದರು. ಅಮ್ಮಿ ಮಾತ್ರ ನನ್ನನ್ನು ಒಳಗೆ ಕರೆದಳು.

"ಮೊದ್ಲು ಯೋಚ್ನೆ ಮಾಡು. ನಿಕಾಹ್ ಆದ ಮೇಲೆ ಒಂದೇ ಲೋಟದ ಹಾಲು ಇಬ್ರಿಗೂ ಕುಡಿಸ್ತಾರೆ. ಅವನು ಕುಡಿದು ಬಿಟ್ಟಿದ್ದು ನೀನು ಕುಡೀಬೇಕು. ಸಭೇಲಿ ವಾಂತಿ ಮಾಡ್ಕೊಂಡ್ರೆ ಏನ್ ಮಾಡ್ಲಿ? ಆಮೇಲೆ ಹೇಸಿಗೆ ಅಂತ ಓಡಿ ಬಂದ್ರೆ? ಭಾನುವಾರ ಮನೆ ನೋಡೋಕೆ ಹೋಗೋಣ. ಅಲ್ಲೇ ಹೂಂ ಅನ್ನು, ಇಲ್ಲ ಊಹೂಂ ಅನ್ನು."

ಮನಸ್ಸು ಯಾವತ್ತೋ ಹೂಂ ಅಂದಿತ್ತು. ಹೊಟ್ಟೆಯದೇ ಭಯ. ಪ್ರೀತಿಸಿದವನ ಎಂಜಲಿಗೂ ನನಗೆ ವಾಂತಿ ಬಂದರೆ ನಾನು ಎಂಥ ಹೆಂಡತಿ?

ಭಾನುವಾರ ನಾವು ಹೋದಾಗ ಅವನು ಬೇಕರಿಗೆ ಹೋಗಿದ್ದ. ಅಮ್ಮಿ, ಆಪಾ ನಡುಮನೆಯಲ್ಲಿ ಚಾ ಕುಡಿಯುತ್ತ ಕೂತರು. ನಾನು ಕಿಟಕಿಯ ಹತ್ತಿರ ಹೋದೆ. ಕುಡಿಯುವ ನೀರಿನ ಹೂಜಿಯ ಪಕ್ಕದಲ್ಲೇ ಡೆಟಾಲ್ ತುಂಬಿದ ಗಾಜಿನ ಬಾಟಲಿ, ಅದರಲ್ಲಿ ಮುಳುಗಿದ ಗೊಂಬೆಗಳು. ಕುಡಿಯುವ ನೀರಿನ ಪಕ್ಕ! ಸುಮ್ಮನಿರಲು ನನ್ನಿಂದಾಗಲಿಲ್ಲ. ಬಚ್ಚಲಿಗೆ ಒಯ್ದು, ಡೆಟಾಲ್ ಚೆಲ್ಲಿ, ನಲ್ಲಿ ತಿರುಗಿಸಿ ಉಜ್ಜತೊಡಗಿದೆ.

ನೀರು ಬಿದ್ದದ್ದೇ ತಡ, ಮೆತ್ತಗಾಗಿದ್ದ ಬಣ್ಣವೆಲ್ಲ ಕಪ್ಪು ಅಂಟಾಯಿತು. ಹಲಸಿನ ಮೇಣದ ಹಾಗೆ ಬೆರಳಿಗೆ, ನಲ್ಲಿಗೆ, ಹೊಸ ದುಪ್ಪಟ್ಟಾಕ್ಕೆ ಮೆತ್ತಿಕೊಂಡಿತು. ಉಜ್ಜಿದಷ್ಟೂ ಹರಡಿತು. ಅಳು ಬರುವಷ್ಟು ಅಸಹ್ಯವಾಯಿತು. ಆ ಅಂಟಿನೊಳಗಿಂದ ಗೊಂಬೆ ಹುಡುಗಿಯೊಬ್ಬಳು ಎದ್ದಳು. ಕಾಲು ಕಪ್ಪೆಯದು. ತಲೆಯ ಮೇಲೆ ದುಪ್ಪಟ್ಟಾ, ಕೈಯಲ್ಲಿ ಪುಟ್ಟ ಬಾಟಲಿ, ಸುಕ್ಕುಗಟ್ಟಿದ ಮೂಗು. ದಿನಾ ಕನ್ನಡಿಯಲ್ಲಿ ನೋಡುವ ಮೂಗು. ನೋಡುತ್ತಿದ್ದಂತೆ ಅವಳ ತಲೆ ಕಳಚಿ ನನ್ನ ಅಂಗೈಗೆ ಬಿತ್ತು.

"ನೀರು ಹಾಕ್ಬಿಟ್ರಾ?" ಹಿಂದೆ ಜೀಶಾನ್ ಬೇಕರಿ ಪೊಟ್ಟಣ ಹಿಡಿದು ನಿಂತಿದ್ದ.

"ನನ್ನನ್ನ ರಾಕ್ಷಸಿ ಮಾಡಿದೀರಿ!"

"ಅಯ್ಯೋ, ಆ ಡಬ್ಬೀಲಿ ಹೆಂಗಸಿನ ಬೊಂಬೆ ಒಂದೂ ಇರ್ಲಿಲ್ಲ ಕಣ್ರೀ. ಇದ್ದಿದ್ರಲ್ಲಿ ಈ ಕಪ್ಪೆ ಕಾಲೇ ವಾಸಿ."

"ಮೂಗು ಯಾಕೆ ಹಿಂಗೆ?"

ಅವನು ನೆಲ ನೋಡಿದ. "ಆ ಮೂಗು ನೋಡೋಕೇ ರೀ ಅಷ್ಟು ಡೆಟಾಲ್ ತಗೊಂಡಿದ್ದು. ಮಂಚದ ಕೆಳಗೆ ನೋಡಿ, ಮುಚ್ಚಳ ತೆಗೀದೇ ಇರೋ ಬಾಟ್ಲಿಗಳು ಸಾಲಾಗಿ ಕೂತವೆ. ನಗೋ ಮುಖ ಯಾರು ಬೇಕಾದ್ರೂ ತಿದ್ತಾರೆ. ಥೂ ಅನ್ನೋ ಮುಖ ಇಷ್ಟು ಚೆಂದ ಇರೋದು ನಾನೆಲ್ಲೂ ಕಾಣೆ. ಕಣ್ಣೇ ಸರಿಯಾಗಿ ಬರ್ಲಿಲ್ಲ, ಮೆಳ್ಳೆ ಆಯ್ತು. ಬಣ್ಣ ತೆಗೆದು ಮತ್ತೆ ಬರೆಯೋಣ ಅಂತ ನೆನೆಹಾಕಿದ್ದೆ."

ಅವನು ಹೊಸ ಬಾಟಲಿ ತಂದು ಮುಚ್ಚಳ ತೆಗೆದ. "ಇದಕ್ಕೆ ನೀರು ಸೋಕಬಾರ್ದು. ಡೆಟಾಲಲ್ಲೇ ತೊಳೀಬೇಕು. ಕೈ ಹಿಡೀರಿ."

ಸುರಿದು, ಟೂತ್‌ಬ್ರಷ್ಷಿನಲ್ಲಿ ಒಂದೊಂದೇ ಬೆರಳನ್ನು ಉಜ್ಜಿದ. ಬ್ರಷ್ ಮಾತ್ರ ತಾಗಿಸಿದ, ತನ್ನ ಬೆರಳು ತಾಗಿಸಲಿಲ್ಲ. ಆ ನಡುವಿನ ಒಂದು ಗೇಣು ಜಾಗದಲ್ಲಿ ನನ್ನ ಜೀವವೆಲ್ಲ ಇತ್ತು. ವಾಸನೆಗೆ ತಲೆ ತಿರುಗುತ್ತಿತ್ತು. ವಾಸನೆಗೇ ಇರಬೇಕು.

ಗೊಂಬೆಯನ್ನೂ ಹಾಗೇ ಶುದ್ಧ ಮಾಡಿ, ತಲೆಯನ್ನು ಅಂಟಿಸಿ, ಮೇಜಿನ ಮುಂದೆ ಕೂತ. "ನೀವು ಎದುರಿಗಿದ್ದೀರಲ್ಲ, ಕಣ್ಣು ಈಗ್ಲೇ ಬರೀತೀನಿ." ಸಣ್ಣ ಬ್ರಷ್ ಎತ್ತಿದ. ಕೂದಲು ಎರಡಾಗಿ ಸೀಳಿತ್ತು. ಹತ್ತಿಯ ಮೇಲೆ ಹೊರಳಿಸಿದ, ಮತ್ತೆ ಸೀಳಿತು. ಅಭ್ಯಾಸಬಲದಿಂದ ಕೈ ತುಟಿಯವರೆಗೆ ಹೋಯಿತು. ಆಣೆ ನೆನಪಾಗಿ ಅಲ್ಲೇ ನಿಂತಿತು. ನನ್ನ ಕಡೆ ನೋಡಿದ.

ನಾನು ಬ್ರಷ್ ಕಿತ್ತುಕೊಂಡೆ. ಅದೆಷ್ಟು ಸಲ ಅವನ ಬಾಯಿಗೆ ಹೋಗಿ ಬಂದಿತ್ತೋ, ಹಿಡಿಯ ತುದಿಯಲ್ಲಿ ಹಲ್ಲಿನ ಗುರುತು ಕೂಡ ಇತ್ತು. ಕಣ್ಣು ಮುಚ್ಚಿ ತುಟಿಯ ನಡುವೆ ಇಟ್ಟು, ಮೆಲ್ಲಗೆ ಹೊರಳಿಸಿ ಎಳೆದೆ. ಕಹಿ. ಡೆಟಾಲು, ಹಳೇ ಬಣ್ಣ, ಮತ್ತೆ ಇನ್ನೇನೋ. ಉಗುಳಲಿಲ್ಲ.

"ಥೂ," ಅಂತ ವಾಪಸ್ ಕೊಟ್ಟೆ. ಮೊನೆ ಚೂಪಾಗಿ ಬಂದಿತ್ತು.

"ಸುಫಿಯಾ!" ಬಾಗಿಲಲ್ಲಿ ಅಮ್ಮಿ ಚಾ ಕಪ್ಪು ಹಿಡಿದು ಬೆಪ್ಪಾಗಿ ನಿಂತಿದ್ದಳು. "ಬಾಯಿಗೆ ಏನೇ ಇಟ್ಕೊಂಡಿದ್ದು?"

"ಇವ್ರ ಬ್ರಷ್ಷು."

ಅಮ್ಮಿ ಬ್ರಷ್ಷನ್ನು ನೋಡಿದಳು, ಅವನನ್ನು ನೋಡಿದಳು, ನನ್ನನ್ನು ನೋಡಿದಳು. ತಿರುಗಿ ನಡುಮನೆಗೆ ಹೋದಳು. ಅವಳ ದನಿ ಮಾತ್ರ ಕೇಳಿಸಿತು. "ಫರ್ಹಾನಾ, ಅವಳನ್ನ ಕೇಳೋದೇನೂ ಉಳಿದಿಲ್ಲಮ್ಮ. ತಾರೀಕು ನೋಡು."

ಜೀಶಾನ್ ಬ್ರಷ್ಷನ್ನು ತಲೆಕೆಳಗಾಗಿ ಹಿಡಿದು ಬಣ್ಣಕ್ಕೆ ಅದ್ದಲು ಹೋದ.

"ನೆಟ್ಟಗೆ ಹಿಡ್ಕೊಳ್ರೀ," ಅಂದೆ. "ಈಗಲೂ ನನಗೆ ಮೆಳ್ಳೆಗಣ್ಣು ಬರೆದ್ರೆ ನೋಡಿ."