ಮೂರನೇ ಕಿಟಕಿಯ ಟವೆಲ್ಲು

ಮಾಬುಬೀ ನಮ್ಮ ಹೊಲಿಗೆ ಅಂಗಡಿಯ ಮೆಟ್ಟಿಲು ಹತ್ತಿ ಬಂದಾಗ ನಾನು ಶೇಖರಮ್ಮನವರ ಮುಂದೆ ಹಳೇ ಗೊಣಗಾಟವನ್ನೇ ನಡೆಸಿದ್ದೆ. ಹಿಂದಿನ ಸೋಮವಾರ ನಾವಿಬ್ಬರೂ ಸಿಂಧನೂರಿನಿಂದ ಬೆಳಗಿನ ರೈಲಿಗೆ ಗಂಗಾವತಿಗೆ ಹೋಗಿದ್ದೆವು. ಡಬ್ಬಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಅರ್ಧಕ್ಕೇ ಸಿಕ್ಕಿಕೊಂಡ ಕಿಟಕಿಯ ಪಕ್ಕದ ಸೀಟಿಗೆ ಯಾರೋ ಪುಣ್ಯಾತ್ಮ ಟವೆಲ್ಲು ಹಾಕಿದ್ದ, ಗಂಗಾವತಿ ಬಂದರೂ ಅವನ ಸುಳಿವಿಲ್ಲ. ಟವೆಲ್ಲು ಬಿದ್ದ ಸೀಟಿನಲ್ಲಿ ಕೂಡುವುದು ನಮ್ಮ ಕಡೆ ಮರ್ಯಾದೆಯಲ್ಲ. ಬಸ್ಸಿನ ಆ ರೂಢಿ ಈಚೆಗೆ ಬಂದ ರೈಲಿಗೂ ಅಂಟಿದೆ. ಎಲ್ಲರೂ ಸುತ್ತ ನಿಂತೇ ಹೋದೆವು. ನನ್ನ ಮೊಣಕಾಲು ಇನ್ನೂ ನೋಯುತ್ತಿತ್ತು.

ಶೇಖರಮ್ಮ ಪೊಲೀಸ್ ಇಲಾಖೆಯಿಂದ ನಿವೃತ್ತರಾಗಿ ನಮ್ಮ ಮಾಳಿಗೆಯ ಕೋಣೆಯಲ್ಲಿದ್ದಾರೆ. ಊರಿನ ಬಗೆಹರಿಯದ ತಂಟೆಯೆಲ್ಲ ಕಡೆಗೆ ಅವರ ಬಾಗಿಲಿಗೇ ಬರುತ್ತದೆ.

"ಅಮ್ಮಾರ, ನನ್ನ ಮಗಳು ಶಾಕೀರಾನ ಹೆಸರು ಕೆಟ್ಟೈತ್ರಿ," ಎಂದಳು ಮಾಬುಬೀ. "ಸೋಮವಾರ ಮುಂಜಾನಿ ರೈಲಿನ್ಯಾಗ ಮುದುಕರ ಟವೆಲ್ ಕಿಟಕ್ಯಾಗಿಂದ ಹೊರಗ ಒಗದು ಸೀಟು ಹಿಡದಾಳ ಅಂತ ಮೊಬೈಲಿನ್ಯಾಗ ಬಿಟ್ಟಾರ. ಅವರಪ್ಪ ಗಂಗಾವತಿಯಾಗ ನರ್ಸಿಂಗ್ ಕಲಿಯೋದು ಬಿಡಿಸಿ ಮನ್ಯಾಗ ಕುಂದರಿಸ್ಯಾನ."

ಆ ವಿಡಿಯೋ ನೋಡಿದೆವು. ಶಾಕೀರಾ ಕಿಟಕಿಯ ಪಕ್ಕ ಕೂತಿದ್ದಳು. ಗಾಳಿಗೆ ಅವಳ ಓಢಣಿ ಮುಖದ ಮೇಲೆಲ್ಲ ಹಾರುತ್ತಿತ್ತು. ಸಂತೆಕಲ್ಲೂರಿನ ಗ್ಯಾನಪ್ಪ ಬಡಿಗೆ ಊರಿಕೊಂಡು ಕೂಗುತ್ತಿದ್ದ: "ನನ್ನ ಟವೆಲ್ ಎಲ್ಲೈತಿ ಹೇಳು!" ಅವನ ಹೆಂಡತಿ ಸೊಂಟ ಹಿಡಿದು ನಿಂತಿದ್ದಳು. "ನಾ ಬಂದಾಗ ಸೀಟು ಖಾಲಿನ ಇತ್ರೀ," ಎಂದು ಶಾಕೀರಾ ಅನ್ನುವಷ್ಟರಲ್ಲಿ ವಿಡಿಯೋ ಮುಗಿಯಿತು.

ನನಗೆ ಸಿಟ್ಟು ನೆತ್ತಿಗೇರಿತು. "ಕೆಳಗ ಹೆಸರೈತಿ ನೋಡ್ರಿ, ಇದನ್ನ ತೆಗೆದವನು ಎದುರು ಸೀಟಿನ ನಾಸೀರ್, ಮೊಬೈಲ್ ಅಂಗಡಿಯವ. ತಮಾಷೆ ನೋಡಾಕ ಅವನೇ ಟವೆಲ್ ಒಗದಿರಬೇಕು."

"ಇರಲಿ, ಮೊದಲು ಟವೆಲ್ ಹಾಕಿದವರನ್ನ ಕೇಳೂಣು," ಎಂದರು ಶೇಖರಮ್ಮ.

ಮಸ್ಕಿ ಬಸ್ಸು ಹಿಡಿದು ಸಂತೆಕಲ್ಲೂರಿಗೆ ಹೋದೆವು. ಗ್ಯಾನಪ್ಪನ ಸಿಟ್ಟು ಇನ್ನೂ ಇಳಿದಿರಲಿಲ್ಲ.

"ಹೊರಗಿಂದನ ಹಾಕೀನ್ರಿ. ಕಿಟಕಿ ಪೂರಾ ತೆರೀಲಿಲ್ಲ, ಬಡಿಗಿಲೆ ಒಳಗ ನೂಕಿದೆ. ಬಾಗಲದಿಂದ ಮೂರನೇ ಕಿಟಕಿ, ಎಣಿಸೀನಿ. ಆಮ್ಯಾಲ ಬೆಂಚಿನ ಮ್ಯಾಲ ಕುಂತಿದ್ದ ಹೆಂಡತೀನ ಕರಕೊಂಡು ಬಂದು ಹತ್ತಿದೆ. ಹುಬ್ಬಳ್ಳಿ ದವಾಖಾನಿಗೆ ಹೊಂಟಿದ್ವಿ."

ಶೇಖರಮ್ಮ ಆ ವಿಡಿಯೋವನ್ನು ಮತ್ತೆ ಹಾಕಿ ನೋಡಿದರು. ದಾರಿಯಲ್ಲಿ ನಾನು ಕೆದಕಿದರೆ, "ಭಾನುವಾರ ಎಲ್ಲಾರ ಮುಂದ ಹೇಳ್ತೀನಿ," ಎಂದರು.

ಭಾನುವಾರ ಶಾಕೀರಾಳ ಅಪ್ಪ ನನ್ನೇಸಾಬನ ಅಂಗಳದಲ್ಲಿ ಎಲ್ಲರೂ ಸೇರಿದರು. ಗ್ಯಾನಪ್ಪನನ್ನೂ ನಾಸೀರ್‌ನನ್ನೂ ಕರೆಸಿದ್ದರು. ಶಾಕೀರಾ ಬಾಗಿಲ ಮರೆಯಲ್ಲಿ ನಿಂತಿದ್ದಳು.

"ಯಾರೂ ಟವೆಲ್ ಒಗದಿಲ್ಲ," ಶೇಖರಮ್ಮ ಶುರುಮಾಡಿದರು. "ಗ್ಯಾನಪ್ಪನೋರ, ನಿಮ್ಮ ಕಿಟಕಿ ಅರ್ಧಕ್ಕ ಸಿಕ್ಕಿತ್ತು. ಈ ವಿಡಿಯೋದಾಗ ನೋಡ್ರಿ. ಕಿಟಕಿ ಪೂರಾ ತೆರದೈತಿ, ಅದಕ್ಕ ಓಢಣಿ ಹಿಂಗ ಹಾರಾಕತ್ತೈತಿ. ಇದು ನೀವು ಟವೆಲ್ ಹಾಕಿದ ಕಿಟಕಿ ಅಲ್ಲ."

"ಮೂರನೇದನ ಐತ್ರಿ. ಬಸ್ಸಿನ್ಯಾಗೂ ಹಿಂಗ ಎಣಿಸ್ತೀನಿ."

"ಅಲ್ಲೇ ತಪ್ಪಾತು. ಬಸ್ಸಿಗೆ ಒಂದ ಬಾಗಲ. ರೈಲಿನ್ಯಾಗ ಡಬ್ಬಿ ಡಬ್ಬಿಗೂ ಬಾಗಲ. ಹೆಂಡತೀನ ಕರಕೊಂಡು ಬರೋದ್ರಾಗ ಗದ್ದಲ ಆಗಿತ್ತು. ಕೈಗೆ ಸಿಕ್ಕ ಬಾಗಲ ಹತ್ತಿ ಅಲ್ಲಿಂದ ಎಣಿಸಿದ್ರಿ." ನಂತರ ನನ್ನತ್ತ ತಿರುಗಿದರು. "ನಂದಿನಿ, ನಮ್ಮ ಡಬ್ಬ್ಯಾಗ ಇತ್ತಲ್ಲ, ಆ ಟವೆಲ್ ಹೆಂಗಿತ್ತು?"

ಅರ್ಧ ತೆರೆದ ಆ ಕಿಟಕಿಯ ಸೀಟು ನನಗೆ ನೆನಪಾಯಿತು. "ಹಸಿರು ಅಂಚಿಂದು. ಮೂಲ್ಯಾಗ ಬೀಡಿ ಸುಟ್ಟ ತೂತಿತ್ತು."

ಗ್ಯಾನಪ್ಪ ಬಡಿಗೆ ಕೆಳಗಿಟ್ಟ. "ನಂದರೀ ಅದು," ಎಂದ ಮೆಲ್ಲಗೆ.

"ಮಗ್ಗಲ ಡಬ್ಬ್ಯಾಗ ನಿಮ್ಮ ಸೀಟು ಗಂಗಾವತಿ ತನಕ ಖಾಲಿ ಇತ್ತು. ಖಾಲಿ ಸೀಟಿಗೆ ನಾವೆಲ್ಲ ಮರ್ಯಾದಿ ಕೊಟ್ಟು ನಿಂತ್ವಿ. ನಾನೂ ನಿಂತಿದ್ದೆ. ಈ ಕಡೆ ಕುಂತ ಹುಡುಗಿಗೆ ಯಾರೂ ಕೊಡಲಿಲ್ಲ." ಶೇಖರಮ್ಮ ನಾಸೀರ್‌ನನ್ನು ನೋಡಿದರು. "ಆಮ್ಯಾಲ ಏನಾತು? ವಿಡಿಯೋ ಅಲ್ಲಿಗೇ ನಿಂತೈತಲ್ಲ."

ನಾಸೀರ್ ತಲೆ ತಗ್ಗಿಸಿದ. "ಎದ್ದು ಅಜ್ಜಿನ್ನ ಕುಂದರಿಸಿದಳ್ರಿ. ಅದನ್ನ ತೆಗೀಲಿಲ್ಲ."

ಗ್ಯಾನಪ್ಪ ಬಾಗಿಲಿನತ್ತ ಕೈಮುಗಿದ. "ತಪ್ಪಾತಬೇ ಯವ್ವಾ."

"ಟವೆಲ್ ಇರಲಿ ಬಿಡಲಿ ಅಜ್ಜಾ, ಅಜ್ಜಿನ್ನ ನೋಡಿದ್ರ ನಾ ಹೆಂಗೂ ಏಳ್ತಿದ್ದೆ," ಎಂದಳು ಶಾಕೀರಾ.

ನನ್ನೇಸಾಬ ಟೊಪ್ಪಿಗೆ ತೆಗೆದು ತೊಡೆಯ ಮೇಲಿಟ್ಟುಕೊಂಡ. "ಊರೆಲ್ಲಾರ ಮಾತು ಕೇಳಿದೆ, ಮಗಳನ್ನ ಕೇಳಲಿಲ್ಲ," ಎಂದು ಅತ್ತ. ಮರುದಿನದಿಂದ ಅವಳನ್ನು ಮತ್ತೆ ಕಲಿಯಲು ಕಳಿಸುತ್ತೇನೆಂದ. ನಾಸೀರ್ ವಿಡಿಯೋ ಅಳಿಸಿದ. ಅಷ್ಟರಲ್ಲಿ ಅದು ಲಿಂಗಸುಗೂರಿನವರ ಫೋನುಗಳಿಗೂ ಹೋಗಿಯಾಗಿತ್ತು.

ಕೆಲವು ವಾರ ಕಳೆದು ಅದೇ ರೈಲಿನಲ್ಲಿ ಶಾಕೀರಾ ಕಂಡಳು. ಬ್ಯಾಗು ಎದೆಗೆ ಅವುಚಿಕೊಂಡು ಬಾಗಿಲ ಬಳಿ ನಿಂತಿದ್ದಳು. ಕಾರಟಗಿಯಲ್ಲಿ ಮಂದಿ ಇಳಿದು ನನ್ನ ಪಕ್ಕದ ಸೀಟು ಖಾಲಿಯಾಯಿತು.

"ಬಾರಬೇ, ಕುಂದ್ರು."

"ಬ್ಯಾಡ್ರೀ ಅಕ್ಕಾ. ಯಾರದೋ ಏನೋ."

"ಯಾರದೂ ಅಲ್ಲ, ನೋಡು, ಟವೆಲ್ ಸೈತ ಇಲ್ಲ," ಎಂದೆ.

ಅವಳು ಸಣ್ಣಗೆ ನಕ್ಕಳು. ಗಂಗಾವತಿ ಬರುವ ತನಕ ನಿಂತೇ ಇದ್ದಳು.