ಬೈರಕೂರಿನ ಹೊಂಡದಲ್ಲಿದ್ದವನು

ಬೈರಕೂರಿನಾಚೆ, ಮಾವಿನ ತೋಪಿನ ಕೃಷಿಹೊಂಡದಲ್ಲಿ ಗಂಡಸಿನ ಹೆಣ ತೇಲಿತ್ತು. ಮೈಮೇಲೆ ಚಡ್ಡಿ ಬಿಟ್ಟರೆ ಏನೂ ಇಲ್ಲ. ತಲೆಯ ಹಿಂಭಾಗ ಒಡೆದಿತ್ತು. ಮುಖವನ್ನು ನೀರೂ ಮೀನೂ ಸೇರಿ ಮುಗಿಸಿದ್ದವು.

ಯಾರಿವನು? ಸಬ್ ಇನ್‌ಸ್ಪೆಕ್ಟರ್ ಸರಳಾ ಸುತ್ತಲ ಠಾಣೆಗಳಿಗೆಲ್ಲ ಸುದ್ದಿ ಮುಟ್ಟಿಸಿದಳು. ತಮ್ಮವರನ್ನು ಹುಡುಕುತ್ತಿದ್ದವರು ಮಾಲೂರಿನಿಂದ, ಶ್ರೀನಿವಾಸಪುರದಿಂದ ಮುಳಬಾಗಿಲಿನ ಶವಾಗಾರಕ್ಕೆ ಬಂದರು. ನೋಡಿದರು, ಅಲ್ಲವೆಂದರು, ಹೋದರು.

"ಇನ್ನು ಇಟ್ಕೊಳ್ಳೋಕಾಗಲ್ಲ ಅಂತಾರೆ ಡಾಕ್ಟ್ರು," ಎಂದ ಕಾನ್‌ಸ್ಟೆಬಲ್ ಕದಿರೇಶ. "ಅನಾಥ ಶವ ಅಂತ ನಾಳೆ ಮಣ್ಣು ಮಾಡಿಸಿಬಿಡೋಣ್ವಾ ಮೇಡಂ?"

ಸತ್ತವನು ಯಾರೆಂದು ತಿಳಿಯದೆ ಕೊಂದವನು ಸಿಗುವುದುಂಟೆ? ಬಂದುಹೋದವರಲ್ಲಿ ಒಬ್ಬ ಸರಳಾಳ ತಲೆಯಲ್ಲಿ ಕೊರೆಯುತ್ತಿದ್ದ — ಕ್ಯಾಲನೂರಿನ ಶಿವಶಂಕರ್. ಅವನ ಅಣ್ಣ ಆಂಜಿನಪ್ಪ ಮನೆಬಿಟ್ಟು ಹೋಗಿದ್ದನಂತೆ. ತಾಯಿಯ ಒತ್ತಾಯಕ್ಕೆ ಬಂದಿದ್ದ ಶಿವಶಂಕರ್, ಬಟ್ಟೆ ಸರಿಸಿದೊಡನೆ, "ನಮ್ಮಣ್ಣ ಅಲ್ಲ," ಎಂದು ಹೊರಟೇಬಿಟ್ಟಿದ್ದ.

"ಅವನ ತಾಯೀನ ಕರೆಸು ಕದಿರೇಶ."

"ಅಕ್ಕಯಮ್ಮಂಗೆ ಕಣ್ಣು ಮಂಜು ಮೇಡಂ. ಏನು ನೋಡ್ತಾರೆ?"

"ಕರೆಸು. ಮಗನೂ ಬರ್ಲಿ."

ಶಿವಶಂಕರ್ ಬರುವಾಗಲೇ ಸಿಡುಕಿದ. "ನಾನು ನೋಡಿ ಹೇಳಿದ್ನಲ್ಲ ಮೇಡಂ? ವಯಸ್ಸಾದೋಳ್ನ ಯಾಕೆ ಸುಮ್ನೆ ಅಲೆಸ್ತೀರಾ?"

ಶವಾಗಾರದಲ್ಲಿ ಅಕ್ಕಯಮ್ಮ ಹೆಣದ ಮುಖದ ಕಡೆ ಹೋಗಲೇ ಇಲ್ಲ. ತಡವಿಕೊಂಡು ಕಾಲಿನ ಬಳಿ ಬಂದಳು. ಎಡಗಾಲಿನ ಕಿರುಬೆರಳು ಪಕ್ಕದ ಬೆರಳ ಮೇಲೆ ಹತ್ತಿ ಕೂತಿತ್ತು. ಮುಟ್ಟಿದ ಕೈ ಅಲ್ಲೇ ನಿಂತಿತು.

"ನಾಯ್ನಾ... ನನ್ನ ಮಗನೇ..." ಎಂದಳು ಮುದುಕಿ. "ಹುಟ್ಟಿದಾಗಿಂದ್ಲೂ ಹಿಂಗೇ ಈ ಬೆರಳು. ಇವನು ನನ್ನ ಆಂಜಿನಿ ಕಣಮ್ಮ."

"ನೀರಲ್ಲಿ ಊದ್ಕೊಂಡಿತ್ತು ಮೇಡಂ," ಎಂದ ಶಿವಶಂಕರ್. "ಮುಖದ ಗುರುತೇ ಸಿಗ್ಲಿಲ್ಲ."

"ಯಾರಿಗೂ ಗುರುತು ಸಿಗೋ ಮುಖವಲ್ಲ ಅದು," ಎಂದಳು ಸರಳಾ. "ಅದಕ್ಕೇ ಬಂದವರೆಲ್ಲ ಕೈ ತೋರ್ಸಿ, ಹಲ್ಲು ತೋರ್ಸಿ, ಹಚ್ಚೆ ಇದ್ಯಾ ನೋಡಿ ಅಂದ್ರು. ಆಮೇಲೆ ಅಲ್ಲ ಅಂದ್ರು. ಮುಖ ಒಂದೇ ನೋಡಿ ಅಲ್ಲ ಅಂದವನು ನೀನೊಬ್ಬನೇ. ಆ ಮುಖ ನೋಡಿ ಹೌದು ಅನ್ನೋಕಾಗಲ್ಲ, ಒಪ್ಪಿದೆ — ಅಲ್ಲ ಅನ್ನೋಕೆ ಹೇಗಾಯ್ತು? ಅಣ್ಣನ ಕಾಲು ನಿನಗೆ ಗೊತ್ತಿರ್ಲಿಲ್ವಾ? ನೀನು ಹುಡುಕಿಕೊಂಡು ಬರ್ಲಿಲ್ಲ ಶಿವಶಂಕರ್. ಅವನು ಅನಾಥ ಶವವಾಗಿ ಹೋಗ್ಲಿ ಅಂತ ಬಂದೆ. ಕೊಂದವನು ನೀನೇ. ಕ್ಯಾಲನೂರಿಂದ ಬೈರಕೂರಿನವರೆಗೆ ಹೆಣ ತಂದ ಗಾಡಿ ಎಲ್ಲಿ?"

ಅವನು ತಾಯಿಯತ್ತ ನೋಡಿದ.

"ಟೊಮೇಟೊ ಟೆಂಪೊ... ತೋಟದಲ್ಲೇ ಇದೆ. ಬೋರ್‌ವೆಲ್ ನೀರಿಗೆ ಜಗಳ ಆಯ್ತು. ನನ್ನ ಗಿಡ ಒಣಗ್ತಿದ್ರೂ ತನ್ನ ಕಡೇನೇ ತಿರುಗಿಸ್ಕೊಂಡ. ಸಲಿಕೆ ಕೈಯಲ್ಲಿತ್ತು..."

ಅಕ್ಕಯಮ್ಮ ಅಳಲಿಲ್ಲ. ಸೆರಗಿನಿಂದ ದೊಡ್ಡಮಗನ ಪಾದ ಒರೆಸಿದಳು.

"ಇವನ್ನ ನಾನು ಊರಿಗೆ ತಗೊಂಡೋಗ್ತೀನಿ," ಎಂದಳು ಸರಳಾಳಿಗೆ. "ಅವನ್ನ ನೀನು ಕರ್ಕೊಂಡೋಗಮ್ಮ."